ಹತ್ತು ಗಂಟೆಯ ಮೇಲೆ

ಹತ್ತು ಗಂಟೆಯವರೆಗೆ ಅಮ್ಮ ಮಾತಾಡುವುದಿಲ್ಲ.
ಸಿಟ್ಟಲ್ಲ. ಬೆರಳು ಇನ್ನೂ ಎದ್ದಿಲ್ಲ, ಅಷ್ಟೆ.

ವಾಲ್ಪರೈಸೊದ ಈ ಗುಡ್ಡದ ಮೇಲೆ
ಕಡಲ ಮಂಜು ಕರಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.
ಮೊದಲು ಬಂದರಿನ ಕ್ರೇನುಗಳು ಕಾಣುತ್ತವೆ,
ಆಮೇಲೆ ಕೆಳಗಿನ ತಗಡಿನ ಮಾಡುಗಳು,
ಆಮೇಲೆ ಅಮ್ಮನ ತೋರುಬೆರಳು.

ಬೋಗುಣಿಯ ಬಿಸಿನೀರಿಗೆ ಎರಡೂ ಕೈ ಅದ್ದಿ ಕೂತಿರುತ್ತಾಳೆ,
ಯಾರದೋ ಬಟ್ಟೆ ನೆನೆಹಾಕಿದ ಹಾಗೆ.
ಎದುರು ಅಪ್ಪ ನಿಬಾಲ್ದೊ, ಅವಳ ಹಾಗೇ ಹುಟ್ಟಿನಿಂದ ಕಿವುಡ,
ರೊಟ್ಟಿ ಮುರಿದು, ಬೆಣ್ಣೆ ಸವರಿ, ಅವಳ ಬಾಯಿಗಿಡುತ್ತಾನೆ.
ಇಡುವಾಗ ಅವನ ಕೈ ತುಂಬಿರುತ್ತದೆ,
ಹಾಗಾಗಿ ಆಗ ಅವನೂ ಮೂಕ.

ಗ್ಯಾಸಿನವನು ಸಿಲಿಂಡರಿಗೆ ಕಬ್ಬಿಣ ಬಡಿಯುತ್ತ ಮೆಟ್ಟಿಲು ಹತ್ತುವುದು
ಈ ಮನೆಯಲ್ಲಿ ನನಗೊಬ್ಬಳಿಗೇ ಕೇಳುತ್ತದೆ.

ಆಸ್ಪತ್ರೆಯಲ್ಲೂ ನಾನೇ ದುಭಾಷಿ.
ಮೈಯೇ ಮೈಯ ಮೇಲೆ ತಿರುಗಿಬೀಳುವ ಸಂಧಿವಾತ, ಅಂದರು.
ಪ್ರಶ್ನೆಗಳ ಹಾಳೆ ಕೊಟ್ಟರು.
ಗುಂಡಿ ಹಾಕಿಕೊಳ್ಳಬಲ್ಲಿರಾ? ಕಷ್ಟದಿಂದ.
ನಲ್ಲಿ ತಿರುಗಿಸಬಲ್ಲಿರಾ? ತುಂಬ ಕಷ್ಟದಿಂದ.
ಡಬ್ಬಿಯ ಮುಚ್ಚಳ? ಇಲ್ಲ.
ತಲೆ ಬಾಚಿಕೊಳ್ಳುವುದು? ಮಗಳಿದ್ದಾಳೆ.
ಮಾತಾಡಬಲ್ಲಿರಾ ಎಂಬ ಸಾಲು ಹಾಳೆಯಲ್ಲಿರಲಿಲ್ಲ.
ಅಮ್ಮ ಅದನ್ನು ಮಗುಚಿ ನೋಡಿದಳು. ಹಿಂದೆ ಖಾಲಿ.

ಕಾಗದದಲ್ಲಿ ನಾನು ಇಸ್ಮೇನಿಯ. ಅವಳ ಕೈಯಲ್ಲಿ ಬೇರೆ:
ಕಿರುಬೆರಳು ಕಿವಿಯ ಹತ್ತಿರ ಎರಡು ಸಲ ಕೊಂಕಬೇಕು.
ಹುಟ್ಟಿದ ಮೂರನೇ ದಿನ ಬಾಗಿಲು ಧಡ್ ಎಂದಾಗ
ನಾನು ಬೆಚ್ಚಿದೆನಂತೆ. ಇವಳಿಗೆ ಕೇಳುತ್ತದೆ ಎಂದು
ಅಪ್ಪ ಅತ್ತನಂತೆ. ಸಂತೋಷಕ್ಕೋ ಇನ್ಯಾವುದಕ್ಕೋ
ಇವತ್ತಿಗೂ ಹೇಳಿಲ್ಲ.

ಬೆರಳೆಲ್ಲ ಈಗ ಒಂದೇ ಕಡೆಗೆ ವಾಲಿವೆ,
ತಿರುವಿನಲ್ಲಿ ಬಸ್ಸಿನ ಜನ ವಾಲುವ ಹಾಗೆ.
ತಿರುವು ಮುಗಿದು ಎಷ್ಟೋ ಕಾಲವಾಯಿತು,
ಯಾರೂ ನೆಟ್ಟಗಾಗಲಿಲ್ಲ.
ಕೈಯೇ ಕೈಕೊಟ್ಟರೆ
ದೂರು ಹೇಳುವುದಾದರೂ ಯಾವುದರಿಂದ?

ಶುಕ್ರವಾರದ ಕ್ಲಬ್ಬಿನಲ್ಲಿ, ಡಾಮಿನೋ ನಡುವೆ,
ಔರಿಸ್ತೇಲ ಕೇಳಿದಳು:
ಏನೇ ಎದುವೀಹಿಸ್, ಕೈಗವಸು ಹಾಕಿಕೊಂಡು ಮಾತಾಡುತ್ತೀಯಲ್ಲ?
ಎಲ್ಲ ನಕ್ಕರು. ಅಮ್ಮನೂ.
ಆಮೇಲೆ ಎರಡು ಶುಕ್ರವಾರ ಅವಳು ಹೋಗಲಿಲ್ಲ.

ಜಗಳ ಮಾತ್ರ ಬಿಟ್ಟಿಲ್ಲ.
ಮೊದಲು ಅವಳ ಬೈಗುಳ ಅಡುಗೆಮನೆಯ ಗಾಳಿ ಕೊಯ್ಯುತ್ತಿತ್ತು;
ಸೋಲುವ ಹೊತ್ತಿಗೆ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ,
ಅವನಿಗಿದ್ದ ಬಾಗಿಲು ಅದೊಂದೇ.
ಈಗ ಗದ್ದದಲ್ಲಿ, ಹುಬ್ಬಿನಲ್ಲಿ, ಮೊಣಕೈಯಲ್ಲಿ ಬೈಯುತ್ತಾಳೆ,
ಅಪ್ಪ ಕಣ್ಣು ಮುಚ್ಚುವುದಿಲ್ಲ. ಪೂರ್ತಿ ನೋಡುತ್ತಾನೆ,
ಒಂದು ಬೈಗುಳ ತಪ್ಪಿದರೂ ನಷ್ಟ ಎಂಬಂತೆ.

ದೀಪ ಆರಿಸಿದ ಮೇಲೆ ಹಿಂದೆಲ್ಲ
ಒಬ್ಬರ ಅಂಗೈಯೊಳಗೆ ಒಬ್ಬರು ಮಾತಾಡಿಕೊಳ್ಳುತ್ತಿದ್ದರು.
ಬಾತ ಗೆಣ್ಣು ಈಗ ಹೊದಿಕೆ ತಾಗಿದರೂ ಉರಿಯುತ್ತದೆ.
ದೀಪ ಆರಿಸುವುದನ್ನೇ ಬಿಟ್ಟಿದ್ದಾರೆ.
ಕರೆಂಟು ಬಿಲ್ಲು ಕಟ್ಟುವವಳು ನಾನು, ನನಗೆ ಗೊತ್ತು
ತಿಂಗಳಿಗೆ ಅವರು ಎಷ್ಟು ಮಾತಾಡುತ್ತಾರೆಂದು.

ಇವತ್ತು ಒಂಬತ್ತೂವರೆಗೇ ಅಮ್ಮ ನೀರಿನಿಂದ ಕೈ ಎತ್ತಿದಳು.
ಮುಷ್ಟಿಯೂ ಅಲ್ಲದ, ಅಂಗೈಯೂ ಅಲ್ಲದ ಏನೋ ಒಂದು
ತೊಟ್ಟಿಕ್ಕುತ್ತ ಕಿವಿಯವರೆಗೆ ಹೋಗಿ ಕೆನ್ನೆಗೆ ತಾಗಿತು, ಒಂದು ಸಲ.
ಬೆವರು ಒರೆಸಿಕೊಂಡಳೇನೋ ಎಂದುಕೊಂಡು
ನಾನು ಈರುಳ್ಳಿ ಹೆಚ್ಚುತ್ತಲೇ ಇದ್ದೆ.
ಅಪ್ಪ ಮೇಜು ಗುದ್ದಿದ:
ನಿನ್ನನ್ನೇ ಕಣೇ, ಕರೆಯುತ್ತಿದ್ದಾಳೆ.

ಹೊಸ ಹೆಸರು. ತಿರುಗುವುದು ನನಗಿನ್ನೂ ತಡ.
ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು,
ಏನಮ್ಮ, ಅಂದೆ.

ನೀರು ಆರಿದೆ, ಅಂದಳು.